ಉಪ್ಪು ಕರಗುವಾಗ ಕುಣಿಯುವ ಬೆಳಕು

ಗೋವಾದ ವಾಸ್ಕೋದಲ್ಲಿರುವ ನಮ್ಮ ಮನೆಗೆ ಧಾರವಾಡದಿಂದ ಬಂದಿದ್ದ ಅಕ್ಕನ ಮಗ ಜಾತ್ರೆಯಲ್ಲಿ ಕೊಂಡ ಹಸಿರು ಲೇಸರ್ ತಂದಿದ್ದ. ಯಾರ ಕಣ್ಣಿಗೂ ಬಿಡಬೇಡ ಎಂದು ಗದರಿ, ಅವನನ್ನು ಅಡುಗೆಮನೆಗೆ ಕರೆದೊಯ್ದೆ. ಚೌಕಾಕಾರದ ಗಾಜಿನ ಡಬ್ಬಿಯಲ್ಲಿ ನೀರು ತುಂಬಿಸಿ ಲೇಸರ್ ಹಾಯಿಸಿದೆವು. ಎದುರು ಗೋಡೆಯಲ್ಲಿ ಚುಕ್ಕೆ ಅಲ್ಲಾಡದೆ ನಿಂತಿತು. ಒಂದು ಹಿಡಿ ಕಲ್ಲುಪ್ಪು ಹಾಕಿ ಚಮಚ ಆಡಿಸಿದೆ. ಚುಕ್ಕೆ ಉದ್ದವಾಯಿತು, ಒಡೆಯಿತು, ಕುಣಿಯತೊಡಗಿತು.

"ಮಾಮಾ, ಸೆಲ್ ಹೋತೇನು?"

ಸೆಲ್ ಚೆನ್ನಾಗೇ ಇತ್ತು. ಶರಬತ್ತಿಗೆ ಸಕ್ಕರೆ ಹಾಕಿದಾಗ ಲೋಟದೊಳಗೆ ಎಳೆ ಎಳೆಯಾಗಿ ಕಾಣುತ್ತದಲ್ಲ, ಇದೂ ಅದೇ. ಉಪ್ಪುನೀರು ಸಿಹಿನೀರಿಗಿಂತ ಬೆಳಕನ್ನು ತುಸು ಜಾಸ್ತಿ ಬಾಗಿಸುತ್ತದೆ. ಒಂದೊಂದು ಎಳೆ ದಾಟುವಾಗಲೂ ಕಿರಣ ಚೂರು ದಾರಿ ಬದಲಿಸುತ್ತದೆ. ಚೆನ್ನಾಗಿ ಕಲಕಿ ಬಿಟ್ಟ ಮೇಲೆ ಚುಕ್ಕೆ ಮತ್ತೆ ಸುಮ್ಮನಾಯಿತು. ಅಂದರೆ ತಪ್ಪು ಉಪ್ಪಿನದಲ್ಲ, ಅರೆಬರೆ ಬೆರೆತದ್ದರದು.

ಸಮುದ್ರವಂತೂ ಸದಾ ಅರೆಬರೆ ಬೆರೆತದ್ದೇ. ನಮ್ಮ ಖಾನಾಪುರದ ಕಡೆಯಿಂದ ಇಳಿದು ಬರುವ ಮಹದಾಯಿ ಇಲ್ಲಿ ಮಾಂಡೋವಿಯಾಗಿ ಪಣಜಿಯ ಹತ್ತಿರ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಹಗುರ ಸಿಹಿನೀರು ಮೇಲೆ, ಭಾರದ ಉಪ್ಪುನೀರು ಕೆಳಗೆ. ಬೆಳಕು ಬಾಗುವ ಲೆಕ್ಕದಲ್ಲಿ ಸಿಹಿನೀರಿಗೆ ಸುಮಾರು 1.33, ಸಮುದ್ರದ ನೀರಿಗೆ 1.34. ಇಷ್ಟೇನಾ ಅನ್ನಿಸಬಹುದು. ಆದರೆ ಹತ್ತಾರು ಮೀಟರ್ ದೂರ ಸಾಗುವಷ್ಟರಲ್ಲಿ ಇದಕ್ಕಿಂತ ಚಿಕ್ಕ ವ್ಯತ್ಯಾಸಗಳೂ ಕೂಡಿಕೊಂಡು ಕಿರಣವನ್ನು ಅಲೆದಾಡಿಸುತ್ತವೆ, ಹರಡುತ್ತವೆ, ಮಿನುಗಿಸುತ್ತವೆ. ಬಿಸಿ ತಂಪುಗಳ ಬೆರಕೆಯೂ ಇದನ್ನೇ ಮಾಡುತ್ತದೆ. ಆದರೆ ನೀರಿನಲ್ಲಿ ಶಾಖ ಉಪ್ಪಿಗಿಂತ ಸುಮಾರು 100 ಪಟ್ಟು ಬೇಗ ಹರಡಿ ಸಮವಾಗುತ್ತದೆ. ಉಪ್ಪು ಹಟಮಾರಿ. ಅದರ ಸಣ್ಣ ಎಳೆಗಳು ಬಹಳ ಹೊತ್ತು ಉಳಿಯುತ್ತವೆ.

ಇಷ್ಟೆಲ್ಲ ತಲೆನೋವು ಯಾಕೆ? ರೇಡಿಯೋ ಅಲೆ ಸಮುದ್ರದ ನೀರಿನಲ್ಲಿ ಬೇಗ ಸತ್ತುಹೋಗುತ್ತದೆ. ಶಬ್ದ ದೂರ ಹೋಗುತ್ತದೆ, ಆದರೆ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಸ್ವಲ್ಪವೇ ಮಾಹಿತಿ ಹೊತ್ತು. ನೀರಡಿಯ ರೋಬೋಟ್ ತಂತಿಯಿಲ್ಲದೆ ಒಳ್ಳೆಯ ವಿಡಿಯೋ ಕಳಿಸಬೇಕೆಂದರೆ ಲೇಸರಿನಂಥ ನೀಲಿ ಇಲ್ಲವೇ ಹಸಿರು ಬೆಳಕೇ ಬೇಕು. ಕೆಂಪನ್ನು ನೀರು ಕೆಲವೇ ಮೀಟರಿನಲ್ಲಿ ನುಂಗಿಬಿಡುತ್ತದೆ. ಕೆಸರಿನ ಕಾಟ ಬೇರೆಯೇ: ಅದು ಬೆಳಕನ್ನು ಚದುರಿಸುತ್ತದೆ. ತಿಳಿನೀರಿನಲ್ಲೂ ಮಿನುಗಾಟ ತಪ್ಪದು.

ಮಿನುಗಾಟಕ್ಕೆ ಒಂದು ಉಪಾಯವಿದೆ. ಆಕಾಶದಲ್ಲಿ ನಕ್ಷತ್ರ ಮಿನುಗುತ್ತದೆ, ಗುರುಗ್ರಹ ಅಷ್ಟಾಗಿ ಮಿನುಗುವುದಿಲ್ಲ, ಅಲ್ವಾ? ಗ್ರಹ ಚುಕ್ಕೆಯಲ್ಲ, ಪುಟ್ಟ ಬಿಲ್ಲೆ. ಅದರ ಒಂದು ಭಾಗ ಮಂಕಾದರೆ ಇನ್ನೊಂದು ಬೆಳಗುತ್ತದೆ, ಒಟ್ಟಿನಲ್ಲಿ ಸರಿಹೋಗುತ್ತದೆ. ಬೆಳಕು ಹಿಡಿಯುವ ಕಡೆ ದೊಡ್ಡ ಮಸೂರ ಇಟ್ಟರೂ ಹೀಗೇ ಸರಿದೂಗುತ್ತದೆ.

ರಾತ್ರಿ ಹುಡುಗ ಇನ್ನೊಂದು ಡಬ್ಬಿಯ ತಳಕ್ಕೆ ಉಪ್ಪು ಸುರಿದು, ಕಲಕದೆ ಬಿಟ್ಟಿದ್ದ. ಬೆಳಿಗ್ಗೆ ಕಿರಣದ ದಾರಿ ಕಾಣಲೆಂದು ಒಂದು ಹನಿ ಹಾಲು ಹಾಕಿ, ತಳದ ಹತ್ತಿರ ಲೇಸರ್ ಹಾಯಿಸಿದೆವು. ಕಿರಣ ಕುಣಿಯಲಿಲ್ಲ. ಬಿಲ್ಲಿನ ಹಾಗೆ ಸಣ್ಣಗೆ ಕೆಳಕ್ಕೆ ಬಾಗಿತ್ತು.