ನೋವಿನ ಮಾತ್ರೆ ಮತ್ತು ಕಟ್ಟಿದ ಮೂತ್ರ: ಓಪಿಯಾಯ್ಡ್ ಬಗ್ಗೆ ಒಂದು ಟಿಪ್ಪಣಿ

ಓಪಿಯಾಯ್ಡ್‌ಗಳ (ಮಾರ್ಫಿನ್, ಟ್ರಾಮಡಾಲ್‌ನಂಥ ನೋವಿನ ಔಷಧಗಳ) ಅಡ್ಡಪರಿಣಾಮ ಕೇಳಿದರೆ ನಮಗೆಲ್ಲ ಬಾಯಿಪಾಠ: ಮಲಬದ್ಧತೆ, ವಾಕರಿಕೆ, ಮಂಪರು, ಉಸಿರಾಟ ನಿಧಾನವಾಗುವುದು. ಮೂತ್ರ ಕಟ್ಟುವುದು ಪಟ್ಟಿಯ ಕೊನೆಗೆಲ್ಲೋ ಇರುತ್ತದೆ. ವಾರ್ಡಿನಲ್ಲಿ ಅದನ್ನು ಯಾರೂ ಕೇಳುವುದೂ ಇಲ್ಲ, ರೋಗಿ ನಾಚಿಕೆಯಿಂದ ಹೇಳುವುದೂ ಇಲ್ಲ. ಅದಕ್ಕೇ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ.

ನನ್ನ ರಾತ್ರಿ ಪಾಳಿಯಲ್ಲಿ ಕಂಡದ್ದು. ಎಪ್ಪತ್ತು ದಾಟಿದ ಅಜ್ಜ, ವರ್ಷಗಳಿಂದ ಬೆನ್ನುನೋವು. ಟ್ರಾಮಡಾಲ್ ಸಾಲದೆ ನಾಲ್ಕು ದಿನದ ಹಿಂದೆ ಮಾರ್ಫಿನ್ ಮಾತ್ರೆ ಶುರುವಾಗಿತ್ತು. ರಾತ್ರಿಗೆ ಅಮಿಟ್ರಿಪ್ಟಿಲಿನ್ (ಖಿನ್ನತೆಯ ಔಷಧ, ನರದ ನೋವಿಗೂ ಕೊಡುತ್ತಾರೆ) ಮೊದಲಿನಿಂದಲೂ ಇತ್ತು. ಅವತ್ತು ಅವರಿಗೆ ಮಲಗಲು ಆಗುತ್ತಿಲ್ಲ, ಹೊದಿಕೆ ಕಿತ್ತೆಸೆಯುತ್ತಾರೆ, ನರಳುತ್ತಾರೆ. ನೋವು ಜಾಸ್ತಿಯಾಗಿದೆ, ಇನ್ನೊಂದು ಡೋಸ್ ಕೇಳೋಣವೆಂದು ನಾನು ಹೊರಟಿದ್ದೆ. ಹಿರಿಯ ಸಿಸ್ಟರ್ ಸೊಸೆಯನ್ನು ಕೇಳಿದರು: "ಒಂದಕ್ಕೆ ಹೋದ್ರೇನಮ್ಮಾ?" ಆಕೆ, "ಹೋಗ್ತಾನೇ ಇದಾರೆ ಸಿಸ್ಟರ್, ಮೂರು ಸಲ ಪಂಚೆ ಬದಲಾಯಿಸಿದೆ" ಅಂದರು. ಸಿಸ್ಟರ್ ಹೊದಿಕೆ ಸರಿಸಿ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟರು. ಹೊಕ್ಕುಳದವರೆಗೂ ಗಟ್ಟಿಯಾದ ಉಬ್ಬು, ಬೆರಳಿಂದ ತಟ್ಟಿದರೆ ಮಂದ ಸದ್ದು. ಮೂತ್ರ ಇಳಿಸುವ ನಳಿಕೆ, ಕ್ಯಾತಿಟರ್, ಹಾಕಿದಾಗ ಚೀಲಕ್ಕೆ ಒಂದು ಲೀಟರಿಗೂ ಹೆಚ್ಚು ಇಳಿಯಿತು. ಇನ್ನೊಂದು ಡೋಸ್ ಬೇಕಾಗಲೇ ಇಲ್ಲ, ಅಜ್ಜ ನಿದ್ದೆ ಹೋದರು.

ಪಂಚೆ ಒದ್ದೆಯಾಗಿದ್ದು ತುಂಬಿ ತುಳುಕಿದ ಮೂತ್ರದಿಂದ. ಕೆರೆ ತುಂಬಿ ಕೋಡಿ ಹರಿದ ಹಾಗೆ: ನೀರು ಹೊರಗೆ ಬರುತ್ತಿದೆ, ಕೆರೆ ಮಾತ್ರ ಖಾಲಿಯಾಗುತ್ತಿಲ್ಲ. ಆ ಹೊತ್ತಿನಲ್ಲಿ ಮಾರ್ಫಿನ್ ಏರಿಸಿದ್ದರೆ ಮೂತ್ರ ಇನ್ನೂ ಕಟ್ಟುತ್ತಿತ್ತು, ನರಳಾಟವೂ ಹೆಚ್ಚುತ್ತಿತ್ತು. ಮಾತಾಡಲಾಗದ, ಮರೆವಿನ ಕಾಯಿಲೆಯ ರೋಗಿಗಳಲ್ಲಿ ಈ ತಪ್ಪು ಆಗುವುದು ಬಹಳ ಸುಲಭ.

ಒಳಗೆ ಆಗುವುದೇನು? ಸಾಮಾನ್ಯವಾಗಿ ಮೂತ್ರಕೋಶದಲ್ಲಿ 150ರಿಂದ 250 ಮಿ.ಲೀ. ಸೇರುವಾಗ ಮೊದಲ ಒತ್ತರ ಗೊತ್ತಾಗುತ್ತದೆ. 400–500 ಆದಾಗ ತಡೆಯುವುದು ಕಷ್ಟ. ಓಪಿಯಾಯ್ಡ್ ಆ ಒತ್ತರದ ಅರಿವನ್ನೇ ಮಂಕು ಮಾಡುತ್ತದೆ. ಜೊತೆಗೆ ಬೆನ್ನುಹುರಿಯ ಎಸ್2ರಿಂದ ಎಸ್4ರವರೆಗಿನ ಭಾಗದಿಂದ ಹೊರಡುವ ಪ್ಯಾರಾಸಿಂಪಥೆಟಿಕ್ ಸಂದೇಶವನ್ನು, ಅಂದರೆ ಮೂತ್ರಕೋಶಕ್ಕೆ ಹಿಂಡು ಎನ್ನುವ ನರದ ಆದೇಶವನ್ನು, ತಗ್ಗಿಸುವುದರಿಂದ ಮೂತ್ರಕೋಶದ ಗೋಡೆಯ ಡೆಟ್ರೂಸರ್ ಸ್ನಾಯು ಸಡಿಲವಾಗಿ, ಹಿಂಡುವ ಬಲ ಕಳೆದುಕೊಳ್ಳುತ್ತದೆ. ಹೊರದ್ವಾರದ ಸ್ನಾಯುವಿನ ಬಿಗಿತವೂ ಹೆಚ್ಚಬಹುದು. ಹಾಗಾಗಿ ಧಾರೆ ಶುರುವಾಗಲು ತಡ, ಸಣ್ಣ ಧಾರೆ, ಹೋಗಿ ಬಂದರೂ ಇನ್ನೂ ಉಳಿದಿದೆ ಅನ್ನಿಸುವುದು. ಬೆನ್ನುಹುರಿಯ ಹತ್ತಿರಕ್ಕೇ ಮಾರ್ಫಿನ್ ಕೊಟ್ಟಾಗ, ಅಂದರೆ ಎಪಿಡ್ಯೂರಲ್ ಅಥವಾ ಸ್ಪೈನಲ್ ಮೂಲಕ, ಇದು ಹೆಚ್ಚು ಕಾಣುತ್ತದೆ.

ಆದರೆ ಎಲ್ಲವನ್ನೂ ಮಾರ್ಫಿನ್ ತಲೆಗೆ ಕಟ್ಟಬೇಡಿ. ಅಜ್ಜನ ಚೀಟಿಯಲ್ಲಿದ್ದ ಅಮಿಟ್ರಿಪ್ಟಿಲಿನ್ ನೋಡಿ. ಮೂತ್ರಕೋಶದ ಸ್ನಾಯುವಿಗೆ 'ಹಿಂಡು' ಎಂದು ಹೇಳುವುದು ನರದ ತುದಿಯಿಂದ ಹೊರಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಓಪಿಯಾಯ್ಡ್ ಆ ಸಂದೇಶ ಹೊರಡುವುದನ್ನೇ ತಗ್ಗಿಸುತ್ತದೆ, ಅಮಿಟ್ರಿಪ್ಟಿಲಿನ್ ಬಂದ ಸಂದೇಶಕ್ಕೆ ಬಾಗಿಲು ಹಾಕುತ್ತದೆ. ನೆಗಡಿ, ತುರಿಕೆಗೆ ಕೊಡುವ ಫೆನಿರಮಿನ್, ಕ್ಲೋರ್‌ಫೆನಿರಮಿನ್ ಕೂಡ ಅದೇ ಜಾತಿಯ ಕೆಲಸ ಮಾಡುತ್ತವೆ. ಗಂಡಸರಲ್ಲಿ ದೊಡ್ಡದಾದ ಪ್ರಾಸ್ಟೇಟ್ ಗ್ರಂಥಿ (ಮೂತ್ರನಾಳದ ಸುತ್ತ ಇರುವಂಥದ್ದು) ಮೊದಲೇ ದಾರಿ ಕಿರಿದು ಮಾಡಿರುತ್ತದೆ. ಇನ್ನು ಮಲಬದ್ಧತೆ: ಗುದನಾಳದಲ್ಲಿ ಗಟ್ಟಿಯಾಗಿ ಕೂತ ಮಲ ಮೂತ್ರಕೋಶದ ಕತ್ತನ್ನು ಒತ್ತುತ್ತದೆ. "ಎರಡಕ್ಕೆ ಯಾವಾಗ ಹೋಗಿದ್ದರು?" ಎಂದು ಕೇಳದೆ ಮೂತ್ರದ ವಿಚಾರಣೆ ಪೂರ್ತಿಯಾಗುವುದಿಲ್ಲ. ಬೆನ್ನುನೋವಿನವರಲ್ಲಿ ಇನ್ನೊಂದು ಎಚ್ಚರ: ಕಾಲು ಸೋಲುವುದು, ತೊಡೆಸಂದು-ಗುದದ ಸುತ್ತ ಜೋಮು ಇದ್ದರೆ ಬೆನ್ನುಹುರಿಯ ಕೆಳಗಿನ ನರಗಳೇ ಒತ್ತಿಹೋಗಿರಬಹುದು. ಅದು ತುರ್ತು ಪರಿಸ್ಥಿತಿ. ಅಲ್ಲಿ ಮಾತ್ರೆಯನ್ನು ದೂರುತ್ತ ಕೂರಬಾರದು.

ಮೂತ್ರ ಕಟ್ಟುವುದು ಬೇರೆ, ಮೂತ್ರವೇ ಹುಟ್ಟದಿರುವುದು ಬೇರೆ. ಮೂತ್ರಕೋಶ ತುಂಬಿದೆಯೋ ಇಲ್ಲವೋ ಎಂದು ಕೈಯಿಂದ, ಸಾಧ್ಯವಾದರೆ ಸ್ಕ್ಯಾನ್‌ನಿಂದ ನೋಡದೆ ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಕೊಟ್ಟರೆ ಕಟ್ಟಿದ ಕೆರೆಗೆ ಇನ್ನಷ್ಟು ನೀರು ಬಿಟ್ಟಂತೆ. ಮೂತ್ರಪಿಂಡವೇ ಸೋತಿದ್ದರೆ ಚಿಂತೆ ಬೇರೆಯದು: ಮಾರ್ಫಿನ್ ಯಕೃತ್ತಿನಲ್ಲಿ ಗ್ಲುಕುರೊನೈಡ್‌ಗಳೆಂಬ ರೂಪಕ್ಕೆ ಬದಲಾಗಿ ಮೂತ್ರದಲ್ಲಿ ಹೋಗಬೇಕು. ಹೋಗದೆ ಉಳಿದರೆ ಮಂಪರು, ಗೊಂದಲ, ಕೈಕಾಲು ಬೆಚ್ಚಿಬೀಳುವುದು. ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ, ಕ್ರಿಯಾಟಿನಿನ್, ನೋಡಿಯೇ ಡೋಸ್ ನಿರ್ಧರಿಸಬೇಕು.

ಮೂತ್ರ ಕಟ್ಟಿತೆಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಪರಿಹಾರವಲ್ಲ. ದಿನಾ ತಗೊಂಡವರಿಗೆ ಹಿಂತೆಗೆತದ ಬೆವರು, ಭೇದಿ, ತಳಮಳ ಬರುತ್ತದೆ, ನೋವೂ ಮರಳುತ್ತದೆ. ಓಪಿಯಾಯ್ಡ್‌ನ ಪರಿಣಾಮ ತಡೆಯುವ ನಲಾಕ್ಸೋನ್ ಮೂತ್ರ ಬಿಡಿಸಬಲ್ಲದು, ಆದರೆ ನೋವಿನ ಆರಾಮವನ್ನೂ ಕಿತ್ತುಕೊಳ್ಳುತ್ತದೆ. ಮೊದಲು ಮೂತ್ರಕೋಶ ಖಾಲಿ ಮಾಡಿ, ಮಲಬದ್ಧತೆ ಬಿಡಿಸಿ, ಬೇಡದ ಜೊತೆ ಔಷಧ ತೆಗೆದು, ಆಮೇಲೆ ಡೋಸ್ ಇಳಿಸುವುದೋ ಬೇರೆ ಓಪಿಯಾಯ್ಡ್‌ಗೆ ಬದಲಿಸುವುದೋ ವೈದ್ಯರು ತೀರ್ಮಾನಿಸುತ್ತಾರೆ. ಪ್ರಾಸ್ಟೇಟ್ ದೊಡ್ಡದಾದವರಿಗೆ ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ ಕೊಡಬಹುದು. ಆದರೆ ಎದ್ದಾಗ ಬಿಪಿ ಇಳಿಯಬಹುದು. ಮಾರ್ಫಿನ್ ಮಂಪರಿನ ಜೊತೆ ಸೇರಿದರೆ ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುವ ಭಯ.

ಅಜ್ಜನಿಗೆ ಮರುದಿನ ಎನಿಮಾ ಕೊಟ್ಟರು, ಅಮಿಟ್ರಿಪ್ಟಿಲಿನ್ ನಿಲ್ಲಿಸಿದರು. ಮೂರನೆಯ ದಿನ ಕ್ಯಾತಿಟರ್ ತೆಗೆದಾಗ ತಾವಾಗಿಯೇ ಮೂತ್ರ ಮಾಡಿದರು. ಸ್ಕ್ಯಾನ್‌ನಲ್ಲಿ ಉಳಿದಿದ್ದು 60 ಮಿ.ಲೀ. ಮಾತ್ರ. ಮಾರ್ಫಿನ್ ಅದೇ ಡೋಸ್‌ನಲ್ಲಿ ಮುಂದುವರಿಯಿತು.