ಗೀಜಗನ ಮನೆಗೆ ಲೈಟು ಬೇಡ

ಹೆಸರಘಟ್ಟ ಕೆರೆ ಅಂಚಿನಲ್ಲಿ ಒಬ್ಬರು ಮಗನಿಗೆ ಗೀಜಗನ ಗೂಡು ತೋರಿಸುತ್ತಿದ್ದರು. "ಒಳಗೆ ಮಣ್ಣು ಮೆತ್ತಿ ಮಿಂಚುಹುಳ ಅಂಟಿಸುತ್ತೆ ಕಣೋ. ರಾತ್ರಿಗೆ ಲೈಟು!"

ನನಗೆ ಸುಮ್ನಿರೋಕೆ ಆಗಲಿಲ್ಲ. "ಮಣ್ಣು ಮೆತ್ತೋದು ನಿಜ ಸಾರ್, ಮಿಂಚುಹುಳ ಬರೀ ಕತೆ" ಅಂದೆ. ಕತ್ತಲಾದರೆ ನಿದ್ದೆ ಹೋಗುವ ಹಕ್ಕಿಗೆ ದೀಪ ಯಾಕೆ? ಪಾಪ, ಹುಡುಗನ ಮುಖ ಸಪ್ಪಗಾಯಿತು.

ಬೆಳಕಿನ ಅಸಲಿ ಕತೆ ಇರುವುದು ಹಕ್ಕಿಯ ತಲೆಯೊಳಗೆ. ಟಾರ್ಚಿಗೆ ಅಂಗೈ ಅಡ್ಡ ಹಿಡಿದರೆ ಬೆರಳು ಕೆಂಪಗೆ ಹೊಳೆಯುತ್ತದಲ್ಲ, ಹಾಗೇ ಬಿಸಿಲು ಹಕ್ಕಿಯ ಪುಕ್ಕ, ಚರ್ಮ, ಬುರುಡೆ ದಾಟಿ ಮಿದುಳಿಗೆ ಇಳಿಯುತ್ತದೆ. ಅಲ್ಲಿನ ಕೆಲವು ಕೋಶಗಳು ಹಗಲು ಎಷ್ಟು ಉದ್ದ ಅಂತ ಅಳೆಯುತ್ತವೆ. ಹಗಲು ಬೆಳೆದರೆ ಹಾರ್ಮೋನು ಹೊರಡುತ್ತದೆ, ಮರಿ ಮಾಡುವ ಕಾಲ ಶುರು. ಗೀಜಗನ ನೆಂಟ ಗುಬ್ಬಚ್ಚಿಯ ಮೇಲೆ 1970ರ ಹೊತ್ತಿಗೆ ಅಮೆರಿಕದ ಮೈಕೆಲ್ ಮೆನೇಕರ್ ಇದನ್ನು ಪರೀಕ್ಷಿಸಿದರು. ಕಣ್ಣಿಲ್ಲದ ಗುಬ್ಬಿಯ ವೃಷಣವೂ ಉದ್ದ ಹಗಲಿಗೆ ಬೆಳೆಯಿತು. ನೆತ್ತಿಯ ಚರ್ಮದಡಿ ಕಪ್ಪು ಶಾಯಿ ತುಂಬಿದಾಗ ಆ ಲೆಕ್ಕ ಕೆಟ್ಟಿತು. ಶಾಯಿ! ಎಂಥ ತಲೆ ನೋಡಿ. ಗೀಜಗನಿಗೆ ಮಳೆಯೂ ಬೇಕು ಅನ್ನಿ, ಹಸಿ ಹುಲ್ಲಿಲ್ಲದೆ ಗೂಡು ಏಳುವುದಿಲ್ಲ.

ಅಷ್ಟರಲ್ಲಿ ಹುಡುಗ ಅಪ್ಪನ ಪ್ಯಾಂಟಿಗೆ ಅಂಟಿದ್ದ ಮುಳ್ಳುಕಾಯಿ ಕೀಳುತ್ತಿದ್ದ. ಕೆರೆಯಂಗಳದಲ್ಲಿ ತಾನಾಗಿ ಬೆಳೆಯುವ ಕ್ಸಾಂಥಿಯಂ ಗಿಡದ್ದು. ಇದೂ ಲೆಕ್ಕ ಹಾಕುತ್ತೆ ಅಂದೆ.

"ಇದಕ್ಕೆ ಮಿದುಳೇ ಇಲ್ವಲ್ಲ ಅಂಕಲ್?"

ಒಳ್ಳೇ ಪ್ರಶ್ನೆ. ಹಾಲಿಗೆ ಹೆಪ್ಪು ಹಾಕಿಡುತ್ತೀವಿ. ರಾತ್ರಿಯೆಲ್ಲ ಅಲುಗಾಡದಿದ್ದರೆ ಗಟ್ಟಿ ಮೊಸರು. ನಡುವೆ ಯಾರಾದರೂ ಕಲಕಿದರೆ ಕೆಟ್ಟಿತು. ಇಲ್ಲಿ ಹಾಲಿನ ಪಾತ್ರೆ ಅಂದರೆ ಎಲೆ, ಕಲಕುವ ಸೌಟು ಅಂದರೆ ಬೆಳಕು. 1938ರಲ್ಲಿ ಅಮೆರಿಕದ ಸಸ್ಯವಿಜ್ಞಾನಿಗಳಾದ ಹ್ಯಾಮ್ನರ್ ಮತ್ತು ಬಾನರ್ ಕ್ಸಾಂಥಿಯಂ ಗಿಡದಲ್ಲಿ ತೋರಿಸಿದ್ದು ಇದನ್ನೇ. ಗಿಡ ಅಳೆಯುವುದು ಹಗಲನ್ನಲ್ಲ, ಕತ್ತಲನ್ನು. ಸುಮಾರು 8.5 ಗಂಟೆಗೂ ಜಾಸ್ತಿ ಒಂದೇ ಸಮನೆ ಕತ್ತಲಿದ್ದರೆ ಹೂವು. 9 ಗಂಟೆಯ ಕತ್ತಲಿನ ನಡುವೆ 1 ನಿಮಿಷ ದೀಪ ಹಚ್ಚಿದರೆ ಹೂವಿಲ್ಲ. ಬೆಂಗಳೂರಿನಲ್ಲಿ ಅತಿ ಚಿಕ್ಕ ರಾತ್ರಿಯೇ 11 ಗಂಟೆ ದಾಟುತ್ತದೆ. ಅವರ ಗಿಡ ಇಲ್ಲಿದ್ದಿದ್ದರೆ ಕತ್ತಲಿಗೆ ಬರವೇ ಇರುತ್ತಿರಲಿಲ್ಲ, ಬೀದಿದೀಪದ ಕಾಟವೊಂದು ಬಿಟ್ಟು.

ಲೆಕ್ಕ ಎಲೆಯದು, ಹೂವು ಮಾತ್ರ ಕುಡಿಯಲ್ಲಿ. ನಡುವೆ ಒಂದು ಪ್ರೋಟೀನು ಸುದ್ದಿ ಒಯ್ಯುತ್ತದೆ, ಹಕ್ಕಿಯಲ್ಲಿ ಹಾರ್ಮೋನು ಒಯ್ಯುವ ಹಾಗೆ.

"ಎಷ್ಟು ಎಲೆ ಬೇಕು?" ಹುಡುಗ ಬಿಡಲಿಲ್ಲ.

"ಒಂದೇ ಸಾಕು ಕಣೋ."

ಅವನು ಪಕ್ಕದ ಗಿಡದ ಎಲೆಯೊಂದನ್ನು ಎರಡೂ ಅಂಗೈ ನಡುವೆ ಮುಚ್ಚಿಕೊಂಡು ನಿಂತುಬಿಟ್ಟ.