ವಾಕ್ಯದ ಕೊನೆಗೂ ಸ್ವಲ್ಪ ಉಸಿರು ಇರಲಿ

ನನ್ನ ಬಳಿ ಗಂಟಲಿನ ತೊಂದರೆಗೆಂದು ಬರುತ್ತಿದ್ದ ಹೈಸ್ಕೂಲು ಮೇಷ್ಟ್ರೊಬ್ಬರು ಒಂದು ದಿನ ತಮ್ಮ ಫಜೀತಿ ಹೇಳಿಕೊಂಡರು. ಶುಕ್ರವಾರ ಕೊನೆಯ ಪೀರಿಯಡ್ಡಿನಲ್ಲಿ ‘ನಾಳೆ ಶಾಲೆಗೆ ರಜೆ ಇಲ್ಲ’ ಎಂದು ಹೇಳಿ ಬಂದಿದ್ದರು. ಶನಿವಾರ ಬೆಳಿಗ್ಗೆ ನೋಡಿದರೆ ಹಿಂದಿನ ಬೆಂಚುಗಳೆಲ್ಲ ಖಾಲಿ. ಸೋಮವಾರ ವಿಚಾರಿಸಿದರೆ, ‘ನೀವೇ ರಜೆ ಅಂದ್ರಲ್ಲ ಸಾರ್!’

ಹುಡುಗರ ತರಲೆಯೂ ಇದ್ದಿರಬಹುದು ಅನ್ನಿ. ಆದರೂ ಅದೇ ಮಾತನ್ನು ನನ್ನೆದುರು ಹೇಳಿಸಿದೆ. ‘ನಾಳೆ ಶಾಲೆಗೆ ರಜೆ’ ಅನ್ನುವಷ್ಟು ಗಂಟೆ ಹೊಡೆದ ಹಾಗೆ ಕೇಳಿಸಿತು. ‘ಇಲ್ಲ’ ಅವರ ಗಂಟಲಲ್ಲೇ ಉಳಿದುಬಿಟ್ಟಿತು.

ವಾಕ್ ಚಿಕಿತ್ಸಕನಾಗಿ ನಾನು ದಿನವೂ ಕೇಳುವ ತಪ್ಪು ಇದು. ಮಾತು ಕಲಿಯಲು ಬರುವವರು ಸಾಮಾನ್ಯವಾಗಿ ‘ವಾಯ್ಸ್ ಗಟ್ಟಿ ಮಾಡಿಕೊಡಿ’ ಎನ್ನುತ್ತಾರೆ. ಎಷ್ಟೋ ಸಲ ಅವರ ದನಿ ಆಗಲೇ ಬೇಕಾದಷ್ಟು ಗಟ್ಟಿ ಇರುತ್ತದೆ. ಆದರೆ ಆ ಗಟ್ಟಿತನ ವಾಕ್ಯದ ಮೊದಲರ್ಧದಲ್ಲೇ ಖರ್ಚಾಗಿ ಹೋಗಿರುತ್ತದೆ.

ಕಾರಣ ತೀರ ಸರಳ. ಶ್ವಾಸಕೋಶದಿಂದ ಮೇಲೆ ಬರುವ ಗಾಳಿ ಗಂಟಲಿನ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳನ್ನು ನಡುಗಿಸುತ್ತದೆ. ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ, ಮಕ್ಕಳಲ್ಲಿ ಇನ್ನೂ ಜಾಸ್ತಿ. ಉಸಿರು ಮುಗಿಯುತ್ತ ಬಂದ ಹಾಗೆ ಕೆಳಗಿನಿಂದ ಬರುವ ಒತ್ತಡ ಇಳಿಯುತ್ತದೆ. ದನಿಯ ಜೋರು ಇಳಿಯುತ್ತದೆ, ಶ್ರುತಿಯೂ ಇಳಿಯುತ್ತದೆ. ಇದು ಎಲ್ಲ ಭಾಷೆಯವರಿಗೂ ಆಗುವಂಥದ್ದೇ.

ಆದರೆ ಕನ್ನಡದವರಿಗೆ ಇದರ ಪೆಟ್ಟು ಸ್ವಲ್ಪ ಜಾಸ್ತಿ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಬೇಕು, ಬೇಡ, ಇದೆ, ಇಲ್ಲ, ಬಹುದು, ಬಾರದು, ಎಲ್ಲವೂ ವಾಕ್ಯದ ಬಾಲದಲ್ಲೇ. ‘ಈ ಮಾತ್ರೆ ಖಾಲಿ ಹೊಟ್ಟೆಯಲ್ಲಿ ತಗೋ...’ ಎನ್ನುವವರೆಗೆ ರೋಗಿಗೆ ಏನೂ ತಿಳಿದಿಲ್ಲ. ‘ಬೇಕು’ ಬಂತೋ ‘ಬಾರದು’ ಬಂತೋ, ಎಲ್ಲ ನಿಂತಿರುವುದು ಅದರ ಮೇಲೆ. ಇಂಗ್ಲಿಷಿನಲ್ಲಾದರೆ ‘ನಾಟ್’ ಸಾಮಾನ್ಯವಾಗಿ ವಾಕ್ಯದ ನಡುವೆಯೇ ಬಂದು ಹೋಗಿರುತ್ತದೆ, ಕೊನೆಯ ಪದ ನುಂಗಿದರೂ ನಡೆದೀತು. ನಾವು ಮಾತ್ರ ಅತಿ ಮುಖ್ಯವಾದದ್ದನ್ನು ಉಸಿರು ಮುಗಿಯುವ ಜಾಗದಲ್ಲೇ ಇಟ್ಟುಕೊಂಡಿದ್ದೇವೆ.

ಹಾಗಂತ ಕೊನೆಯ ಪದವನ್ನು ಕಿರುಚಬೇಕಾಗಿಲ್ಲ. ಉಸಿರನ್ನು ಅಲ್ಲಿಯವರೆಗೆ ಉಳಿಸಿಕೊಂಡರೆ ಸಾಕು. ನಾನು ಮಾಡಿಸುವ ಅಭ್ಯಾಸ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಮೊದಲು ‘ಇಲ್ಲ’. ಆಮೇಲೆ ‘ರಜೆ ಇಲ್ಲ’. ಆಮೇಲೆ ‘ಶಾಲೆಗೆ ರಜೆ ಇಲ್ಲ’. ಪ್ರತಿ ಸಲವೂ ‘ಇಲ್ಲ’ ಮೊದಲ ಸಲದಷ್ಟೇ ಸ್ಪಷ್ಟವಾಗಿ ಬರಬೇಕು. ಉದ್ದ ವಾಕ್ಯವಾದರೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ ಅಂತ ಪೆನ್ಸಿಲ್ಲಿನಲ್ಲಿ ಗೀಟು ಹಾಕಿಕೊಳ್ಳಿ. ಗೀಟು ಬೀಳಬೇಕಾದದ್ದು ಅರ್ಥ ಮುಗಿಯುವ ಕಡೆ, ಉಸಿರು ಮುಗಿಯುವ ಕಡೆ ಅಲ್ಲ.

ಕರಾವಳಿ, ಮಲೆನಾಡಿನ ಕಡೆಯವರು ತಾಳಮದ್ದಳೆ ಕೇಳಿರುತ್ತೀರಿ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ರಾವಣನಾಗಬೇಕು, ಕರ್ಣನಾಗಬೇಕು. ಹೀಗೆ ಪಾತ್ರವಾಗಿ ಮಾತಾಡುವವರೇ ಅರ್ಥಧಾರಿಗಳು. ಒಳ್ಳೆಯ ಅರ್ಥಧಾರಿ ವಾಕ್ಯದ ಬಾಲವನ್ನು ನುಂಗುವುದೇ ಇಲ್ಲ. ನುಂಗಿದರೆ ಎದುರಿನ ಅರ್ಥಧಾರಿ ಯಾವ ಮಾತನ್ನು ಹಿಡಿದು ಉತ್ತರ ಕೊಡಬೇಕು? ಅವರ ದನಿ ಇಳಿದರೂ ಪದ ಉಳಿಯುತ್ತದೆ. ಮಾತಿನ ತರಬೇತಿಗೆಂದು ದುಡ್ಡು ಕಟ್ಟುವ ಮೊದಲು ಒಂದು ರಾತ್ರಿ ಸುಮ್ನೆ ಹೋಗಿ ಕೇಳಿ ಬನ್ನಿ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ.

ಇನ್ನೊಂದು ಗೊಂದಲ ಇಂಗ್ಲಿಷ್ ವಿಡಿಯೋಗಳಿಂದ ಬಂದದ್ದು. ಮುಖ್ಯ ಪದವನ್ನು ಒತ್ತಿ ಹೇಳಿ ಅಂತ ಅಲ್ಲಿ ಕಲಿಸುತ್ತಾರೆ. ಆ ಭಾಷೆಗೆ ಅದು ಸರಿಯೇ. ಕನ್ನಡ ಒತ್ತು ಕೊಡುವ ದಾರಿಗಳು ಬೇರೆಯೂ ಇವೆ. ‘ನಾನು ಬರ್ತೀನಿ’ ಅನ್ನುವಾಗ ‘ನಾನು’ ಪದವನ್ನು ಗುದ್ದುವುದಕ್ಕಿಂತ ‘ನಾನೇ ಬರ್ತೀನಿ’ ಅಂದರೆ ಆಯಿತು. ಇಲ್ಲವೇ ಪದದ ಜಾಗ ಬದಲಾಯಿಸುತ್ತೇವೆ: ‘ಬರೋದು ನಾನು’. ಇಲ್ಲವೇ ಸ್ವರ ಎಳೆಯುತ್ತೇವೆ. ಅಜ್ಜಿ ಕಥೆ ಹೇಳುವಾಗ ‘ದೂ...ರದಲ್ಲಿ ಒಂದು ಊರು’ ಅಂದರೆ ಮಗುವಿನ ಕಣ್ಣೆದುರು ದಾರಿಯೇ ಉದ್ದವಾಗುತ್ತದೆ. ಇದನ್ನೆಲ್ಲ ಬಿಟ್ಟು ಎರಡು ಪದಕ್ಕೊಮ್ಮೆ ಗುದ್ದುತ್ತ ಮಾತಾಡಿದರೆ ಅದು ಭಾಷಣವೂ ಅಲ್ಲ, ಮಾತೂ ಅಲ್ಲ. ನನಗಂತೂ ಹರಾಜು ಕೂಗಿದ ಹಾಗೆ ಕೇಳಿಸುತ್ತದೆ.

ಅದೇ ವಿಡಿಯೋಗಳಲ್ಲಿ ಬರುವ ಒಂದು ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಬರೀ 7 ಶೇಕಡಾ, ದನಿಯದ್ದು 38, ಮುಖ ಮತ್ತು ಮೈಯದ್ದು 55 ಅಂತೆ. 1967ರಲ್ಲಿ ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಪ್ರಕಟಿಸಿದ ಎರಡು ಪ್ರಯೋಗಗಳಿಂದ ತೆಗೆದ ಅಂಕಿ ಇದು. ಅಲ್ಲಿ ಕೇಳಿಸಿದ್ದು ಬಿಡಿ ಬಿಡಿ ಪದಗಳನ್ನು. ಅಳೆದದ್ದು ಹೇಳುವವರಿಗೆ ಎದುರಿನವರ ಮೇಲೆ ಇಷ್ಟವೋ ಬೇಸರವೋ ಅನ್ನುವುದನ್ನು. ಎಲ್ಲ ಮಾತಿಗೂ ಇದು ಹೊಂದುವುದಿಲ್ಲ ಎಂದು ಅವರೇ ಹೇಳಿದ್ದಾರೆ. ಪದಕ್ಕೆ ಅಷ್ಟು ಕಡಿಮೆ ಬೆಲೆ ಇದ್ದಿದ್ದರೆ ತೆಲುಗು ಬಾರದವರಿಗೂ ತೆಲುಗಿನ ಪಾಠ ಮುಕ್ಕಾಲುಪಾಲು ಅರ್ಥವಾಗಬೇಕಿತ್ತು, ಅಲ್ವಾ?

ಮೇಷ್ಟ್ರ ಗಂಟಲಿಗೆ ಬರೋಣ. ಗದ್ದಲ ಹೆಚ್ಚಿದಂತೆ ನಮಗೆ ಗೊತ್ತಿಲ್ಲದೆ ನಮ್ಮ ದನಿಯೂ ಏರುತ್ತದೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ ಇದನ್ನು ಗುರುತಿಸಿ 1911ರಲ್ಲಿ ಬರೆದರು. ತರಗತಿಯಲ್ಲಿ ಮಕ್ಕಳ ಸದ್ದಿಗೆ ಮೇಷ್ಟ್ರು ಏರಿಸುತ್ತಾರೆ, ಮೇಷ್ಟ್ರ ಸದ್ದಿಗೆ ಮಕ್ಕಳು ಏರಿಸುತ್ತಾರೆ. ಪಾಠದ ಮೊದಲೇ ಉಸಿರು ಅರ್ಧ ಖಾಲಿ. ಅದಕ್ಕೆ ಅವರಿಗೆ ಹೇಳಿದ್ದು ಇಷ್ಟೇ: ಎರಡು ಸಲ ಚಪ್ಪಾಳೆ ತಟ್ಟಿ, ಸುಮ್ಮನೆ ನಿಲ್ಲಿ, ಸದ್ದು ಇಳಿದ ಮೇಲೆ ಬಾಯಿ ತೆರೆಯಿರಿ. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಡಿ, ಒಂದು ಗುಟುಕು ನೀರು ಕುಡಿಯಿರಿ. ದನಿ ಕಟ್ಟಿ 3 ವಾರವಾದರೂ ಸರಿಹೋಗದಿದ್ದರೆ ಯಾರೇ ಆಗಲಿ ಕಷಾಯ ನಂಬಿ ಕೂರದೆ ಇಎನ್‌ಟಿ ವೈದ್ಯರಿಗೆ ತೋರಿಸಬೇಕು.

ಎರಡು ತಿಂಗಳ ಮೇಲೆ ಬಂದಾಗ ಅವರ ದನಿ ಎಷ್ಟೋ ಸುಧಾರಿಸಿತ್ತು. ‘ಇಲ್ಲ’ ಈಗ ಕೇಳಿಸುತ್ತಿದೆಯಾ ಎಂದು ಕೇಳಿದೆ. ‘ಅದರ ಸಹವಾಸವೇ ಬಿಟ್ಟೆ ಸಾರ್. ಈಗ ನಾಳೆ ಶಾಲೆ ಇದೆ ಅಂತೀನಿ’ ಎಂದರು.